ಮಳೆಯ ಮೇಲೆ ಹೊರಿಸಿದ ಅಪವಾದ

‘ಏನೂ ನೋಡಕ್ಕಾಗ್ಲಿಲ್ಲ ಕಣಪ್ಪ. ಬರೀ ಮಳೆ.’

ಐರ್ಲೆಂಡ್ ನೋಡಿ ಬಂದ ನಮ್ಮ ಭಾವ ಚಿತ್ರದುರ್ಗ ಜಿಲ್ಲೆಯ ತುರುವನೂರಿನ ಮನೆ ಜಗಲಿಯ ಮೇಲೆ ಕೂತು ಆಡಿದ ಮಾತು ಇದು. ಅವರ ಮಗಳು ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾಳೆ. ಅಪ್ಪ ಅಮ್ಮನನ್ನು ಕರೆಸಿಕೊಂಡವಳು ಒಂದು ವಾರದ ಹಡಗು ಪ್ರವಾಸಕ್ಕೂ ಕರೆದುಕೊಂಡು ಹೋಗಿದ್ದಳು. ಹಡಗು ಒಂದು ಬೆಳಗ್ಗೆ ಐರ್ಲೆಂಡಿನ ದಕ್ಷಿಣ ದಡದಲ್ಲಿರುವ ಕೋವ್ ಎಂಬ ಪುಟ್ಟ ಬಂದರಿನಲ್ಲಿ ನಿಂತಿತು. ಬೆಳಗ್ಗೆ ಇಳಿಯಬೇಕು, ಸಂಜೆಯೊಳಗೆ ಹತ್ತಿಬಿಡಬೇಕು. ಇಳಿಯುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿದುಕೊಂಡಿತು. ಹಡಗಿನಲ್ಲಿದ್ದ ಎಷ್ಟೋ ಜನ ಇಳಿಯಲೇ ಇಲ್ಲವಂತೆ. ಇಳಿದವರಲ್ಲೂ ಬಹಳ ಮಂದಿ ಬಸ್ಸಿನ ಗಾಜಿನಿಂದಲೇ ಊರು ನೋಡಿ, ಮಧ್ಯಾಹ್ನದ ಊಟಕ್ಕೆ ಹಡಗಿಗೆ ಮರಳಿದರಂತೆ. ಭಾವನೂ ಅವರ ಜೊತೆಗೇ ಮರಳಿದವರು.

ಈ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ಕೇಳಿ ಸುಮ್ಮನಾಗುತ್ತಿದ್ದೆ. ಆದರೆ ಭಾವ ನಲವತ್ತು ವರ್ಷ ತುರುವನೂರಿನ ಎರೆ ಹೊಲ ಮಾಡಿದವರು. ಹಸ್ತ ಮಳೆ ಕೈಕೊಟ್ಟ ವರ್ಷ ಕಡಲೆ ಬೀಜವನ್ನು ಚೀಲದಲ್ಲೇ ಇಟ್ಟುಕೊಂಡು ರಾತ್ರಿಯೆಲ್ಲ ಅಂಗಳದಲ್ಲಿ ಕೂತು ಮಿಂಚು ಯಾವ ದಿಕ್ಕಿಗೆ ಹೊಡೆಯುತ್ತಿದೆ ಎಂದು ನೋಡಿದವರು. ಹುಡುಗರು ಹಲಗೆ ಮೇಲೆ ಮಳೆರಾಯನನ್ನು ಹೊತ್ತು ಮನೆಮನೆಗೆ ಬಂದಾಗ ಕೊಡಪಾನ ನೀರು ಸುರಿದು ಕೈಮುಗಿದವರು. ಅಂಥವರ ಬಾಯಲ್ಲೂ ಮಳೆ ಎಂದರೆ ಕೆಟ್ಟದ್ದು, ಕಾಸು ಹಾಳು ಮಾಡಿದ್ದು, ದಿನ ನುಂಗಿದ್ದು ಎಂಬ ಮಾತು ಬಂದದ್ದಕ್ಕೆ ನನಗೆ ಸಂಕಟವಾಯಿತು. ‘ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ’ ಎಂಬ ಗಾದೆಯನ್ನು ನನಗೆ ಮೊದಲು ಹೇಳಿಕೊಟ್ಟವರೇ ಅವರು.

ಮಳೆ ಬಂದರೆ ಪ್ರವಾಸ ಕೆಟ್ಟಿತು ಎಂಬ ಈ ನಂಬಿಕೆ ಈಗ ಎಲ್ಲರ ತಲೆಯಲ್ಲೂ ಕೂತಿದೆ. ಟೂರ್ ನಡೆಸುವವರು, ಹೋಗುವವರು, ಅವರನ್ನು ಬರಮಾಡಿಕೊಳ್ಳುವ ಊರಿನವರು, ಶಾಲೆಯ ಮೇಷ್ಟ್ರುಗಳು, ಎಲ್ಲರೂ ಇದನ್ನು ಒಪ್ಪಿಬಿಟ್ಟಿದ್ದಾರೆ. ಇದು ತಪ್ಪು ಎಂದು ವಾದಿಸುವುದಕ್ಕೇ ಈ ಲೇಖನ ಬರೆಯುತ್ತಿದ್ದೇನೆ. ಮಳೆ ನಮಗೂ ಊರಿಗೂ ನಡುವೆ ಅಡ್ಡ ಬಂದ ಪರದೆಯಲ್ಲ. ಬಹಳ ಊರುಗಳಲ್ಲಿ ಮಳೆಯೇ ಆ ಊರು. ಮಳೆಯನ್ನು ಬಿಟ್ಟು ನೋಡಿದವನು ಆ ಊರನ್ನು ನೋಡಿಲ್ಲ.

ಕೋವ್ ಊರನ್ನೇ ತೆಗೆದುಕೊಳ್ಳಿ. ಅದು ಕಾರ್ಕ್ ನಗರದ ಬಂದರು. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಅಳೆದ ಮಳೆ ವರ್ಷಕ್ಕೆ ಸುಮಾರು 1200 ಮಿಲಿಮೀಟರ್. ಚಿತ್ರದುರ್ಗದಲ್ಲಿ ಬೀಳುವುದರ ಸುಮಾರು ಎರಡರಷ್ಟು. ನಮ್ಮಲ್ಲಿ ಹಾಗೆ ಬಂದು ಹೀಗೆ ಹೋಗುವ ಮಳೆ ಅಲ್ಲಿ ವರ್ಷದ ಅರ್ಧಕ್ಕಿಂತ ಹೆಚ್ಚು ದಿನ ಸೋನೆಯಾಗಿ ಜಿನುಗುತ್ತಲೇ ಇರುತ್ತದೆ. ಅಂಥ ಊರಿಗೆ ಹೋಗಿ ಮಳೆ ಬಂತು ಎಂದು ದೂರುವುದೂ, ರಾಜಸ್ಥಾನಕ್ಕೆ ಹೋಗಿ ಮರಳಿತ್ತು ಎಂದು ದೂರುವುದೂ ಒಂದೇ. ಆ ನೆಲ ಹಸಿರಾಗಿರುವುದೂ, ಅಲ್ಲಿನ ದನ ಹುಲ್ಲಿನಲ್ಲಿ ಮೊಣಕಾಲುದ್ದ ಮುಳುಗಿರುವುದೂ ಆ ಮಳೆಯಿಂದಲೇ. ಅಲ್ಲಿನ ಜನ ಕಂಡ ದೊಡ್ಡ ಕೇಡಿನಲ್ಲೂ ತೇವದ ಕೈವಾಡವಿತ್ತು. 1845ರಲ್ಲಿ ಆಲೂಗಡ್ಡೆಗೆ ಬಿದ್ದ ಅಂಗಮಾರಿ ರೋಗ ಹಬ್ಬುವುದು ತಂಪು ಹವೆಯಲ್ಲಿ, ಒದ್ದೆ ಎಲೆಯ ಮೇಲೆ. ಮುಂದಿನ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವು, ರೋಗಗಳಿಂದ ಸತ್ತರು. ಇನ್ನೂ ಹತ್ತು ಲಕ್ಷ ಜನ ನಾಡು ಬಿಟ್ಟರು. ಆಮೇಲೆ ಒಂದು ನೂರು ವರ್ಷ ನಡೆದ ವಲಸೆಯಲ್ಲಿ ಸುಮಾರು ಇಪ್ಪತ್ತೈದು ಲಕ್ಷ ಮಂದಿ ಹಡಗು ಹತ್ತಿದ್ದು ಇದೇ ಕೋವ್‌ನ ದಡದಿಂದ. ಆ ಕಾಲದ ಬಹುಪಾಲು ಅದರ ಹೆಸರು ಕ್ವೀನ್ಸ್‌ಟೌನ್. 1912ರ ಏಪ್ರಿಲ್ 11ರಂದು ಟೈಟಾನಿಕ್ ಹಡಗು ಕೊನೆಯದಾಗಿ ನಿಂತದ್ದೂ ಅಲ್ಲಿಯೇ. ಅಲ್ಲಿ ಹತ್ತಿದವರು 123 ಜನ.

ಅವರಲ್ಲಿ ಎಷ್ಟು ಜನ ಬಿಸಿಲಿನಲ್ಲಿ ಹತ್ತಿರಬಹುದು? ಹೆಗಲ ಮೇಲೆ ಗಂಟು, ಬಗಲಲ್ಲಿ ಮಗು, ಮೈಮೇಲೆ ಮಳೆ. ಆ ಊರಿನ ದಡವನ್ನು ಅವರು ಕೊನೆಯ ಸಲ ನೋಡಿದ್ದು ಹಾಗೆ. ಭಾವನಿಗೆ ಸಿಕ್ಕಿದ್ದು ಅದೇ ದಡ, ಅದೇ ಮಳೆ. ಅದನ್ನು ನೋಡದೆ ಬಸ್ಸಿನ ಸೀಟಿನಲ್ಲಿ ಕೂತು ಹವಾಮಾನವನ್ನು ಬಯ್ದರು.

ಅಕ್ಕ ಮಾತ್ರ ಬಸ್ಸು ಹತ್ತಿರಲಿಲ್ಲ. ದಡದ ಹತ್ತಿರ ಒಬ್ಬಳು ಹುಡುಗಿಯ ಕಂಚಿನ ಪ್ರತಿಮೆ ಇದೆ, ಜೊತೆಯಲ್ಲಿ ಇಬ್ಬರು ತಮ್ಮಂದಿರು. ಹುಡುಗಿಯ ಹೆಸರು ಆನಿ ಮೂರ್. 1891ರ ಡಿಸೆಂಬರಿನಲ್ಲಿ ತಮ್ಮಂದಿರ ಕೈಹಿಡಿದು ಹಡಗು ಹತ್ತಿದಳು. 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ವಲಸೆ ಕಚೇರಿ ಬಾಗಿಲು ತೆರೆದಾಗ ಮೊದಲು ಒಳಗೆ ಹೋದವಳು ಇವಳೇ. ಅಕ್ಕನಿಗೆ ಅದೊಂದೂ ಗೊತ್ತಿರಲಿಲ್ಲ, ಮಗಳು ಆಮೇಲೆ ಹೇಳಿದ್ದು. ಅವಳಿಗೆ ಕಂಡದ್ದು ಇಷ್ಟು: ಮಳೆ ನೀರು ಆ ಮಕ್ಕಳ ಹಣೆಯಿಂದ ಇಳಿದು, ಮೂಗಿನ ತುದಿಗೆ ಬಂದು, ಗದ್ದದಿಂದ ತೊಟ್ಟಿಕ್ಕುತ್ತಿತ್ತು. ‘ನೆನೀತಾ ನಿಂತವೆ ಕಣೋ, ತಾಯಿಲ್ದ ಮಕ್ಕಳ ಥರ’ ಎಂದಳು ಅಕ್ಕ. ಚಿಕ್ಕವನ ಮುಖವನ್ನು ಸೆರಗಿನಿಂದ ಒರೆಸಿದಳಂತೆ. ಎದುರಿನ ಅಂಗಡಿಯ ಮುದುಕಿ ಅದನ್ನು ನೋಡಿ, ಅಕ್ಕನನ್ನು ಒಳಗೆ ಕರೆದು, ತಲೆ ಒರೆಸಿಕೊಳ್ಳಲು ಟವೆಲ್ಲು ಕೊಟ್ಟು ಟೀ ಕೊಟ್ಟಳಂತೆ. ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಒಂದು ಗಂಟೆ ಕೂತಿದ್ದರಂತೆ, ಮಳೆ ನೋಡುತ್ತಾ.

ಒಂದೇ ಹಡಗು, ಒಂದೇ ಊರು, ಒಂದೇ ಮಳೆ. ಏನೂ ಕಾಣಲಿಲ್ಲ ಎಂದು ಬಂದವರು ಒಬ್ಬರು, ಆ ಊರಿನ ಎದೆಯನ್ನೇ ಮುಟ್ಟಿ ಬಂದವಳು ಇನ್ನೊಬ್ಬಳು. ತಪ್ಪು ಮಳೆಯದಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಐರ್ಲೆಂಡಿನ ಮಾತು ದೂರದ್ದಾಯಿತು. ನಮ್ಮ ದುರ್ಗಕ್ಕೆ ಬರೋಣ.

ಬೆಂಗಳೂರಿನಿಂದ ಹಂಪಿಗೆ ಹೊರಡುವ ಟೂರ್ ಬಸ್ಸುಗಳಿಗೆ ಚಿತ್ರದುರ್ಗ ನಡುವೆ ಸಿಗುವ ಒಂದು ನಿಲ್ದಾಣ. ತಿಂಡಿ ಮುಗಿಸಿ ಕೋಟೆಗೆ ಎರಡು ಗಂಟೆ ಕೊಡುತ್ತಾರೆ. ಹಡಗಿನವರು ಬಂದರಿನ ಊರಿಗೆ ಕೊಡುವ ಹೊತ್ತಿನಂಥದ್ದೇ ಇದು. ಒನಕೆ ಓಬವ್ವನ ಕಿಂಡಿ, ಉಯ್ಯಾಲೆ ಕಂಬ, ಏಕನಾಥೇಶ್ವರಿ ಗುಡಿ, ಅಷ್ಟರಲ್ಲಿ ಹೊತ್ತಾಯಿತು ಹೊರಡಿ ಎಂಬ ಸೀಟಿ. ಎರಡು ವರ್ಷದ ಹಿಂದೆ ಹಸ್ತ ಮಳೆಯ ಒಂದು ಬೆಳಗ್ಗೆ ನಾನು ಕೋಟೆ ಬಾಗಿಲಲ್ಲಿದ್ದೆ. ಜಡಿಮಳೆಯೇನಲ್ಲ, ಹದವಾದ ಮಳೆ. ಒಂದು ಬಸ್ಸು ಬಂದು ನಿಂತಿತು. ಟೂರ್ ಮ್ಯಾನೇಜರ್ ಇಳಿದು ಆಕಾಶ ನೋಡಿದ. ಮತ್ತೆ ಹತ್ತಿ, ‘ಮಳೆ ಇದೆ, ಕೋಟೆ ಕ್ಯಾನ್ಸಲ್, ಹೊಸಪೇಟೆಗೆ ಬೇಗ ಹೋಗಿ ರೂಮ್ ಸೇರಿಕೊಳ್ಳೋಣ’ ಎಂದ. ಒಳಗಿದ್ದ ನಲವತ್ತು ಜನರಲ್ಲಿ ಒಬ್ಬರೂ ಬೇಡವೆನ್ನಲಿಲ್ಲ. ಹಿಂದಿನ ಸೀಟಿನ ಒಬ್ಬ ಹುಡುಗ ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು ಬಂಡೆಗಳನ್ನು ನೋಡುತ್ತಿದ್ದ. ಬಸ್ಸು ಹೊರಟುಹೋಯಿತು.

ಆ ಹುಡುಗ ಕಳೆದುಕೊಂಡದ್ದೇನು ಎಂದು ಹೇಳುತ್ತೇನೆ.

ಚಿತ್ರದುರ್ಗದ ಕೋಟೆಯನ್ನು ಎಲ್ಲರೂ ಕಲ್ಲಿನ ಕೋಟೆ ಎನ್ನುತ್ತಾರೆ. ಅದು ನೀರಿನ ಕೋಟೆಯೂ ಹೌದು. ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರಿನಲ್ಲಿ, ಬೆಟ್ಟದ ನೆತ್ತಿಯ ಮೇಲೆ, ಬಾವಿ ತೋಡಿದರೆ ಬರೀ ಬಂಡೆ ಸಿಗುವ ಕಡೆಯಲ್ಲಿ, ನಾಯಕರು ಪಾಳೆಯ ಕಟ್ಟಿ ತಲೆಮಾರುಗಟ್ಟಲೆ ಉಳಿದದ್ದು ಹೇಗೆ? 1568ರಲ್ಲಿ ಮತ್ತಿ ತಿಮ್ಮಣ್ಣನಾಯಕನಿಂದ ಮೊದಲಾಗಿ 1779ರಲ್ಲಿ ಕೋಟೆ ಹೈದರಾಲಿಯ ಕೈಸೇರುವ ತನಕ ಇನ್ನೂರಕ್ಕೂ ಹೆಚ್ಚು ವರ್ಷ. ಮುತ್ತಿಗೆ ಹಾಕಿದವನು ಹೊರಗೆ ಕಾದಿದ್ದಾನೆ, ಒಳಗೆ ದಂಡು, ಕುದುರೆ, ಹೆಂಗಸರು, ಮಕ್ಕಳು. ಏಳು ಸುತ್ತಿನ ಗೋಡೆ ಶತ್ರುವನ್ನು ತಡೆದೀತು, ಬಾಯಾರಿಕೆಯನ್ನು ತಡೆಯಲಾರದು. ಬಾಯಾರಿಕೆಯನ್ನು ತಡೆದದ್ದು ಬಂಡೆಗಳ ಮೇಲೆ ಬಿದ್ದ ಮಳೆ. ಆ ಬಂಡೆಗಳೇ ಅವರ ಅಂಗಳ. ಅಲ್ಲಿ ಬಿದ್ದ ನೀರನ್ನು ತಿರುಗಿಸಿ, ಇಳಿಸಿ, ಹೊಂಡಗಳಲ್ಲಿ ಹಿಡಿದಿಟ್ಟರು. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಹೆಚ್ಚಾದದ್ದು ಅಕ್ಕ-ತಂಗಿ ಹೊಂಡದ ಕಡೆಗೆ. ಅಲ್ಲಿಂದಲೂ ಇಳಿದದ್ದು ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡಗಳ ಕಡೆಗೆ. ಮೇಲಿನವನು ಕುಡಿದು ಮಿಕ್ಕಿದ್ದು ಕೆಳಗಿನವನಿಗೆ, ಅವನಿಗೆ ಮಿಕ್ಕಿದ್ದು ಪೇಟೆಗೆ.

ಬಿಸಿಲಿನಲ್ಲಿ ಹೋದವನಿಗೆ ಇದೊಂದೂ ಕಾಣುವುದಿಲ್ಲ. ಹಸಿರು ಪಾಚಿ ಕಟ್ಟಿದ ಒಂದು ಹೊಂಡ ಕಾಣುತ್ತದೆ, ಅದರಲ್ಲೊಂದು ಪ್ಲಾಸ್ಟಿಕ್ ಬಾಟಲಿ ತೇಲುತ್ತಿರುತ್ತದೆ. ಗೈಡ್ ‘ಇದು ಗೋಪಾಲಸ್ವಾಮಿ ಹೊಂಡ’ ಎನ್ನುತ್ತಾನೆ. ಫೋಟೋ ತೆಗೆದು ಮುಂದಕ್ಕೆ. ಓಡುವ ಕುದುರೆಯನ್ನು ಲಾಯದಲ್ಲಿ ಮಲಗಿರುವಾಗ ನೋಡಿ ಬಂದ ಹಾಗೆ.

ಆ ದಿನ ನಾನು ಗೋಣಿಚೀಲದ ಕೊಪ್ಪೆ ಹಾಕಿಕೊಂಡು ನಿಧಾನ ಹತ್ತಿದೆ. ಮೊದಲು ಬದಲಾಗುವುದು ಬಂಡೆಯ ಬಣ್ಣ. ಬೂದಿ ಬಣ್ಣದ್ದು ಕಪ್ಪಾಗುತ್ತಾ ಬರುತ್ತದೆ, ಅದರ ಮೈಮೇಲಿನ ಕಲ್ಲುಹೂವು ಇದ್ದಕ್ಕಿದ್ದಂತೆ ಅರಿಶಿನ, ಹಸಿರು, ಕೆಂಪಾಗಿ ಅರಳುತ್ತದೆ. ಆಮೇಲೆ ಬಂಡೆಯ ಬೆನ್ನಿನ ಮೇಲೆ ನೀರಿನ ಗೆರೆ ಮೂಡುತ್ತದೆ, ಹೊಲಿಗೆ ದಾರದಷ್ಟು ಸಣ್ಣದು. ಎರಡು ದಾರ ಸೇರಿ ಒಂದು ಹುರಿ, ನಾಲ್ಕು ಹುರಿ ಸೇರಿ ಒಂದು ಹಗ್ಗ. ಒಣಗಿದಾಗ ಸುಮ್ಮನೆ ಬಿರುಕು ಎಂದುಕೊಂಡಿದ್ದ ಜಾಗದಲ್ಲಿ ನೀರು ತಿರುವು ತೆಗೆದುಕೊಳ್ಳುವುದನ್ನು ನೋಡಿದೆ. ಇಲ್ಲಿ ಯಾರೋ ಕೂತು ಉಳಿ ಹಿಡಿದಿದ್ದಾರೆ ಎಂಬುದು ಆಗ ತಿಳಿಯಿತು. ಆಡಿನ ಹಿಕ್ಕೆ, ಒಣಗಿದ ಎಲೆ, ಯಾರೋ ಬಿಸಾಕಿದ ಬಿಸ್ಕತ್ತಿನ ಕಾಗದ, ಎಲ್ಲವನ್ನೂ ಹೊತ್ತು ತಂದ ಮೊದಲ ನೀರು ಕೆಂಪಾಗಿತ್ತು. ಅರ್ಧ ಗಂಟೆಯಲ್ಲಿ ತಿಳಿಯಾಯಿತು. ಹೊಂಡದ ಪಕ್ಕದ ಮಂಟಪದಲ್ಲಿ ಕೂತೆ. ಎದುರಿಗೆ ಮೆಟ್ಟಿಲುಗಳು. ಕೆಳಗಿನ ಮೆಟ್ಟಿಲಿನ ಅಂಚಿಗೆ ನೀರು ಮುಟ್ಟಿತು. ಅದರ ಮೇಲೆ ತೆಳ್ಳಗೆ ಹರಡಿತು. ಮೆಟ್ಟಿಲು ಕಾಣದಾಯಿತು. ಮಂಟಪದ ಮೂಲೆಯಿಂದ ಒಂದು ಕಪ್ಪೆ ಒಟರಿತು, ಇನ್ನೊಂದು ಉತ್ತರ ಕೊಟ್ಟಿತು. ನನ್ನ ಜೊತೆ ಅಲ್ಲಿದ್ದವನು ಆಡು ಕಾಯುವ ಒಬ್ಬ ಮುದುಕ ಮಾತ್ರ. ‘ಇವತ್ತು ಕೋಟೆ ಎದ್ದೈತೆ’ ಎಂದ ಅವನು.

ಇಷ್ಟೇ ಅಲ್ಲ. ಎಲ್ಲರೂ ಓಡಿಬಂದು ನೋಡುವ ಓಬವ್ವನ ಕಿಂಡಿಯ ಕಥೆಯೂ ನೀರಿನದೇ. ಗಂಡ ಕಹಳೆ ಮುದ್ದ ಹನುಮ ಊಟಕ್ಕೆ ಕೂತಿದ್ದ. ಕುಡಿಯಲು ನೀರಿರಲಿಲ್ಲ. ಓಬವ್ವ ನೀರು ತರಲು ಹೊರಟಳು, ಹತ್ತಿರದ ತಣ್ಣೀರು ದೋಣಿಗೆ. ಆಗಲೇ ಕಿಂಡಿಯಲ್ಲಿ ಸದ್ದು ಕೇಳಿತು. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಬಂದ ಮೇಲೆ ನಾಡಿಗೆಲ್ಲ ಒನಕೆ ನೆನಪಿದೆ, ಕೊಡ ಮರೆತುಹೋಗಿದೆ. ಕಿಂಡಿಯ ಮುಂದೆ ಫೋಟೋಗೆ ನಿಲ್ಲುವವರಲ್ಲಿ ಎಷ್ಟು ಜನ ನಾಲ್ಕು ಹೆಜ್ಜೆ ಹೋಗಿ ತಣ್ಣೀರು ದೋಣಿಯಲ್ಲಿ ಕೈ ಅದ್ದಿದ್ದಾರೆ? ಊರಿನ ಇನ್ನೊಂದು ಮಗ್ಗುಲಿನ ಚಂದ್ರವಳ್ಳಿಗೆ ಹೋಗಿ. ಅಲ್ಲಿನ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ, ನಾಲ್ಕನೆಯ ಶತಮಾನದ್ದು. ಅವನು ಗೆದ್ದ ರಾಜರ ಹೆಸರುಗಳ ಜೊತೆಗೆ ಅದು ಹೇಳುವ ಮುಖ್ಯ ಸಂಗತಿ ಒಂದು ಕೆರೆಯದು. ಸಾವಿರದ ಆರುನೂರು ವರ್ಷದಿಂದ ಈ ಊರು ತನ್ನ ಕಥೆಯನ್ನು ನೀರಿನಿಂದಲೇ ಶುರು ಮಾಡುತ್ತಾ ಬಂದಿದೆ. ನಾವು ಮಾತ್ರ ಹನಿ ಬಿದ್ದ ಕೂಡಲೇ ಬಸ್ಸು ಹತ್ತುತ್ತೇವೆ.

ಇದಕ್ಕೆ ಎದುರು ಮಾತು ನನಗೆ ಗೊತ್ತು. ಬಂಡೆ ಜಾರುತ್ತದೆ, ಕಾಲು ಮುರಿದರೆ ಯಾರು ಹೊಣೆ ಎಂದು ಕೇಳುತ್ತಾರೆ. ಈ ಮಾತನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಒದ್ದೆ ಬಂಡೆ ಜಾರುತ್ತದೆ. ಗುಡುಗು ಮಿಂಚಿರುವಾಗ ಬಯಲು ಬೆಟ್ಟದ ನೆತ್ತಿಯಲ್ಲಿ ನಿಲ್ಲುವುದು ಹುಚ್ಚುತನ. ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟ ದಿನ ಮನೆಯಲ್ಲಿರಬೇಕು. ತುಪ್ಪದ ಕೊಳದ ಆ ಕಡಿದಾದ ಹೆಜ್ಜೆಗುಳಿಗಳನ್ನು ಮಳೆಯಲ್ಲಿ ಯಾರೂ ಹತ್ತಬಾರದು. ಆದರೆ ಕೋಟೆ ಎಂದರೆ ಅದೊಂದೇ ಅಲ್ಲವಲ್ಲ. ಬಾಗಿಲುಗಳನ್ನು ದಾಟಿ ಹೋಗುವ ದಾರಿ ಚಪ್ಪಡಿ ಹಾಸಿನದು. ಮಂಟಪಗಳಿವೆ, ಗುಡಿಗಳಿವೆ, ಕೂರಲು ಜಗಲಿಗಳಿವೆ. ಎಚ್ಚರಿಕೆಯಿಂದ ನೋಡಿ ಎನ್ನುವುದು ಬೇರೆ, ನೋಡಲು ಏನೂ ಇಲ್ಲ ಎನ್ನುವುದು ಬೇರೆ. ಬಸ್ಸಿನವನು ಹೇಳಿದ್ದು ಎರಡನೆಯದು. ಜಾರುವ ಭಯ ಅವನ ಬಾಯಲ್ಲಿ ಬರಲೇ ಇಲ್ಲ.

ಇನ್ನೊಂದು ಮಾತು: ದುಡ್ಡು ಕೊಟ್ಟು ಬಂದವರು, ಇರುವುದು ಒಂದೇ ದಿನ, ಆ ದಿನವೇ ಮಳೆ ಬಂದರೆ ಬೇಸರವಾಗದೆ ಇರುತ್ತದೆಯೇ? ಆಗುತ್ತದೆ. ಆದರೆ ಆ ಬೇಸರ ಹುಟ್ಟಿದ್ದು ಎಲ್ಲಿ ಎಂದು ಕೇಳಬೇಕು. ಒಂದು ದಿನಕ್ಕೆ ನಾಲ್ಕು ಊರು ತುರುಕಿದ ವೇಳಾಪಟ್ಟಿಯಲ್ಲಿ ಅದು ಹುಟ್ಟಿದೆ. ಆ ಪಟ್ಟಿಯಲ್ಲಿ ಮಳೆಗೆ ಮಾತ್ರವಲ್ಲ, ಯಾವುದಕ್ಕೂ ಜಾಗವಿಲ್ಲ. ಬಾಯಾರಿದ ಮುದುಕನಿಗೆ ಜಾಗವಿಲ್ಲ, ಗುಡಿಯ ಪೂಜಾರಿಯ ಜೊತೆ ಮಾತಿಗೆ ಜಾಗವಿಲ್ಲ, ಗಾಜಿಗೆ ಮೂಗು ಒತ್ತಿಕೊಂಡ ಹುಡುಗನ ಪ್ರಶ್ನೆಗೂ ಜಾಗವಿಲ್ಲ. ಎರಡು ಗಂಟೆಯಲ್ಲಿ ಊರು ತೋರಿಸುತ್ತೇನೆ ಎಂದು ಕಾಸು ಪಡೆದವನು ತನ್ನ ಮಾತು ಸುಳ್ಳಾದ ದಿನ ಮಳೆಯನ್ನು ತೋರಿಸಿ ಪಾರಾಗುತ್ತಾನೆ. ಬಣ್ಣದ ಹಾಳೆಯಲ್ಲಿ ನೀಲಿ ಆಕಾಶ ಅಚ್ಚು ಹಾಕಿದವನು ಅವನೇ. ಆ ಆಕಾಶವನ್ನು ಯಾವ ಊರೂ ಅವನಿಗೆ ಬರೆದುಕೊಟ್ಟಿಲ್ಲ.

ಮಂಗಳೂರಿನಲ್ಲೂ ಇದೇ ಕಥೆ. ನವಮಂಗಳೂರು ಬಂದರಿಗೆ ವಿದೇಶದ ಪ್ರವಾಸಿ ಹಡಗುಗಳು ಬರುವುದು ಮಳೆಗಾಲ ಕಳೆದ ಮೇಲೆ. ಬೆಳಗ್ಗೆ ಇಳಿದವರನ್ನು ಕುದ್ರೋಳಿಗೆ, ಕಾರ್ಕಳದ ಗೊಮ್ಮಟನ ಹತ್ತಿರ, ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಕರೆದೊಯ್ದು ಸಂಜೆಗೆ ಹಡಗು ಹತ್ತಿಸುತ್ತಾರೆ. ಹಡಗಿನವರು ಕಡಲ ಮುಂಗಾರನ್ನು ತಪ್ಪಿಸಿ ಬರುವುದರಲ್ಲಿ ತಪ್ಪಿಲ್ಲ, ಅದು ಜೀವದ ಪ್ರಶ್ನೆ. ಆದರೆ ನಮ್ಮ ನೆಲದ ಜನಕ್ಕೂ ಒಣ ತಿಂಗಳ ಮೂಡುಬಿದಿರೆಯೇ ಪೂರ್ತಿ ಮೂಡುಬಿದಿರೆ ಎಂಬ ಭ್ರಮೆ ಬಂದಿದೆ. 1430ರಲ್ಲಿ ಕಟ್ಟಿದ ಆ ಬಸದಿಯ ಮಾಡು ಯಾಕೆ ಅಷ್ಟು ಇಳಿಜಾರು, ಮಾಡಿನ ಅಂಚು ಯಾಕೆ ಅಷ್ಟು ಮುಂದಕ್ಕೆ ಚಾಚಿದೆ ಎಂದು ಜನವರಿಯಲ್ಲಿ ಬಂದವನಿಗೆ ಗೈಡು ಬಾಯಿಮಾತಿನಲ್ಲಿ ವಿವರಿಸಬೇಕು. ಜುಲೈನಲ್ಲಿ ಆ ಜಗಲಿಯ ಮೇಲೆ ಐದು ನಿಮಿಷ ನಿಂತವನಿಗೆ ಯಾರೂ ವಿವರಿಸಬೇಕಿಲ್ಲ. ನಾಲ್ಕೂ ಕಡೆ ನೀರು ಗೋಡೆ ಕಟ್ಟಿದ ಹಾಗೆ ಸುರಿಯುತ್ತಿರುತ್ತದೆ, ಕಂಬಗಳ ನಡುವೆ ನಿಂತವನ ಪಾದ ಒಣಗಿರುತ್ತದೆ. ಆ ಶಿಲ್ಪಿ ಏನು ಮಾಡಿದ ಎಂಬುದನ್ನು ಪಾದವೇ ಹೇಳುತ್ತದೆ.

ಬರುವವರನ್ನಷ್ಟೇ ಬಯ್ದರೆ ಸಾಲದು, ನಮ್ಮವರದೂ ತಪ್ಪಿದೆ. ಮನೆಗೆ ಬಂದ ನೆಂಟರಿಗೆ ನಾವೇ ಮೊದಲು ಹೇಳುತ್ತೇವೆ: ‘ಛೆ, ಮಳೆ ಬಂದು ನಿಮಗೆ ತೊಂದರೆ ಆಯ್ತು.’ ತುರುವನೂರಿನವರು ಆಡುವ ಮಾತೇ ಇದು? ನಮ್ಮ ಹಿರಿಯರಲ್ಲಿ ಕೆಟ್ಟ ಹವಾಮಾನ ಎಂಬ ಮಾತೇ ಇರಲಿಲ್ಲ, ಅದು ಟಿವಿಯಿಂದ ಬಂದದ್ದು. ಅವರಿಗೆ ಹದಿಮೂರು-ಹದಿನಾಲ್ಕು ದಿನಕ್ಕೊಂದು ಮಳೆ, ಪ್ರತಿ ಮಳೆಗೊಂದು ಹೆಸರು. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ, ಹೀಗೆ ಸ್ವಾತಿ, ವಿಶಾಖದ ತನಕ. ಇದು ಉಕ್ಕೆಗೆ, ಇದು ಬಿತ್ತನೆಗೆ, ಇದು ಕಾಳು ಕಟ್ಟುವುದಕ್ಕೆ. ಹೆಸರಿಟ್ಟು ಕರೆದು ಬರಮಾಡಿಕೊಂಡ ನೆಂಟನನ್ನು ಇನ್ನೊಬ್ಬ ನೆಂಟನ ಎದುರಿಗೆ ಅವಮಾನ ಮಾಡುತ್ತಿದ್ದೇವೆ.

ಮಳೆಯನ್ನು ಬಯ್ಯುವ ಹಕ್ಕು ಯಾರಿಗೂ ಇಲ್ಲ ಎನ್ನುತ್ತಿಲ್ಲ. ಈರುಳ್ಳಿ ಕಿತ್ತು ಹೊಲದಲ್ಲಿ ಒಣಗಲು ಹಾಕಿದವನಿಗೆ ಆ ಹಕ್ಕಿದೆ. ಅವನ ಇಡೀ ವರ್ಷ ನೆಲದ ಮೇಲೆ ಬಿದ್ದಿರುತ್ತದೆ, ಒಂದು ರಾತ್ರಿಯ ಮಳೆಗೆ ಕೊಳೆತು ನಾರುತ್ತದೆ. ಮಣ್ಣಿನ ಗೋಡೆ ಕುಸಿದವಳಿಗೆ ಆ ಹಕ್ಕಿದೆ. ಅವರ ಬಯ್ಗುಳದಲ್ಲಿ ನೋವಿದೆ, ಲೆಕ್ಕವಿದೆ. ಚಪ್ಪಲಿ ಒದ್ದೆಯಾಯಿತು, ಫೋಟೋದಲ್ಲಿ ಆಕಾಶ ಬೂದಿಯಾಗಿ ಬಂತು ಎನ್ನುವವನು ಅವರ ಸಾಲಿನಲ್ಲಿ ನಿಂತು ಅದೇ ಬಯ್ಗುಳ ಆಡಬಾರದು.

ಮತ್ತೆ ಒಂದು ಸಂಗತಿ ಈ ನಂಬಿಕೆಯವರಿಗೆ ಕಾಣುವುದೇ ಇಲ್ಲ. ಬಿಸಿಲಿನಲ್ಲಿ ಬಂದವನು ಪ್ರವಾಸಿ, ಮಳೆಯಲ್ಲಿ ಬಂದವನು ನೆಂಟ. ನಮ್ಮೂರಿನಲ್ಲಿ ಗಾಂಧೀಜಿಯ ಗುಡಿ ಇದೆ. ಬಿಸಿಲಿನಲ್ಲಿ ಬಂದವರು ಹತ್ತು ನಿಮಿಷದಲ್ಲಿ ನೋಡಿ ಹೊರಡುತ್ತಾರೆ. ಒಂದು ಸಂಜೆ ದಾವಣಗೆರೆ ಕಡೆಯ ಇಬ್ಬರು ಕಾಲೇಜು ಹುಡುಗರು ಮಳೆಗೆ ಸಿಕ್ಕಿಬಿದ್ದರು. ಎರೆ ಮಣ್ಣಿನ ದಾರಿಯಲ್ಲಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಚಪ್ಪಲಿ ಇಟ್ಟಿಗೆಯಷ್ಟು ಭಾರವಾಗುತ್ತದೆ. ಬೈಕಿನ ಚಕ್ರಕ್ಕೆ ಮಣ್ಣು ಸುತ್ತಿಕೊಂಡು ಅದು ಅಲ್ಲಾಡಲಿಲ್ಲ. ನಮ್ಮ ಜಗಲಿಗೆ ಬಂದು ಕೂತರು. ಮಂಡಕ್ಕಿ ಮೆಣಸಿನಕಾಯಿ ಬಂತು, ಮಾತು ಬಂತು. 1939ರಲ್ಲಿ ಈ ಊರಿನಲ್ಲಿ ಈಚಲು ಮರ ಕಡಿದು ಸತ್ಯಾಗ್ರಹ ಮಾಡಿದ್ದು, ಎಸ್. ನಿಜಲಿಂಗಪ್ಪನವರು ಅದರಲ್ಲಿದ್ದು ಜೈಲು ಕಂಡದ್ದು, ವಕೀಲಿಕೆಯ ಸನ್ನದು ಕಳೆದುಕೊಂಡದ್ದು, ಹೆಂಡದಿಂದ ಮನೆಗಳು ಹೇಗೆ ಕೆಟ್ಟಿದ್ದವು ಎಂದು ಅಜ್ಜಿ ನಮಗೆ ಹೇಳುತ್ತಿದ್ದದ್ದು, ಎಲ್ಲ ಒಂದೊಂದಾಗಿ ಹೊರಗೆ ಬಂತು. ಗಾಂಧಿಗೆ ಇಲ್ಲಿ ಗುಡಿ ಯಾಕೆ ಎಂಬುದು ಆ ಹುಡುಗರಿಗೆ ತಿಳಿದದ್ದು ಗುಡಿಯಲ್ಲಲ್ಲ, ಜಗಲಿಯ ಮೇಲೆ. ಮಳೆ ಬರದಿದ್ದರೆ ಅವರು ನಮ್ಮ ಜಗಲಿ ಹತ್ತುತ್ತಿರಲಿಲ್ಲ. ಕೋವ್‌ನಲ್ಲಿ ಮಳೆ ಇಲ್ಲದಿದ್ದರೆ ಆ ಮುದುಕಿಯೂ ಅಕ್ಕನನ್ನು ಅಂಗಡಿಯೊಳಗೆ ಕರೆಯುತ್ತಿರಲಿಲ್ಲ.

ನಮ್ಮ ಜಿಲ್ಲೆಯವರಿಗೆ ಇದನ್ನೆಲ್ಲ ಹೊಸದಾಗಿ ಹೇಳಬೇಕಾಗಿರುವುದೇ ಬೇಸರದ ವಿಷಯ. 2022ರ ಸೆಪ್ಟೆಂಬರ್ ನೆನೆಯಿರಿ. ಹಿರಿಯೂರಿನ ಮಾರಿಕಣಿವೆ, ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ, ಕೋಡಿ ಬಿತ್ತು. 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟು ಅದಕ್ಕೆ ಮೊದಲು ಕೋಡಿ ಬಿದ್ದದ್ದು 1933ರಲ್ಲಿ, ಅಂದರೆ 89 ವರ್ಷ ಮೊದಲು. ಸುದ್ದಿ ಕೇಳಿದ್ದೇ ತಡ, ಟ್ರ್ಯಾಕ್ಟರ್, ಟೆಂಪೊ, ಬೈಕು, ಸಿಕ್ಕಿದ್ದು ಹತ್ತಿ ಜನ ಹೊರಟರು. ನಮ್ಮೂರಿನಿಂದಲೂ ಹೋದೆವು. ಮೋಡ ಕವಿದಿತ್ತು, ಹನಿಯುತ್ತಿತ್ತು, ದಾರಿ ಕೆಸರಾಗಿತ್ತು, ಗಾಡಿಗಳು ಮೈಲುಗಟ್ಟಲೆ ನಿಂತಿದ್ದವು. ಹವಾಮಾನ ಸರಿ ಇಲ್ಲ ಎಂದು ಯಾರೂ ತಿರುಗಿ ಹೋಗಲಿಲ್ಲ. ಎಂಬತ್ತು ದಾಟಿದ ಅಜ್ಜಂದಿರನ್ನು ಮೊಮ್ಮಕ್ಕಳು ತೋಳು ಹಿಡಿದು ನಡೆಸಿಕೊಂಡು ಬಂದಿದ್ದರು. ಕೋಡಿಯ ನೀರಿಗೆ ಹೆಂಗಸರು ಅರಿಶಿನ ಕುಂಕುಮ ಹಾಕಿ ಬಾಗಿನ ಬಿಟ್ಟರು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಾಗಲೂ ಹಾಗೆಯೇ ಜನ ಸೇರಿದರು. ಮಳೆಯನ್ನು ನೋಡಲು ಹೋಗುವುದು ನಮಗೆ ಗೊತ್ತಿದೆ. ಟೂರ್ ಎಂಬ ಹೆಸರು ಬಿದ್ದ ಕೂಡಲೇ ಮರೆಯುತ್ತೇವೆ.

ಟೂರ್ ನಡೆಸುವವರಿಗೆ, ಶಾಲೆಯವರಿಗೆ ನನ್ನ ಬೇಡಿಕೆ ದೊಡ್ಡದಲ್ಲ. ಪಟ್ಟಿಯಿಂದ ಒಂದು ಊರು ಕಿತ್ತುಹಾಕಿ, ಉಳಿದ ಊರಿಗೆ ಅರ್ಧ ದಿನ ಕೊಡಿ. ಮಕ್ಕಳಿಗೆ ಒಂದೊಂದು ರೈನ್‌ಕೋಟು ತರಲು ಹೇಳಿ. ಮಳೆ ಜೋರಾದರೆ ಮಂಟಪದಲ್ಲಿ ಕೂರಿಸಿ, ಕಡಿಮೆಯಾದ ಮೇಲೆ ನೀರು ಯಾವ ದಾರಿಯಲ್ಲಿ ಇಳಿಯುತ್ತಿದೆ ಎಂದು ಹೊಂಡದಿಂದ ಹೊಂಡಕ್ಕೆ ನಡೆಸಿಕೊಂಡು ಹೋಗಿ ತೋರಿಸಿ. ಕೋಟೆಯ ಗೈಡುಗಳಿಗೆ ಆ ದಾರಿ ಗೊತ್ತಿದೆ, ಕೇಳುವವರಿಲ್ಲದೆ ಅವರೂ ಹೇಳುವುದು ಬಿಟ್ಟಿದ್ದಾರೆ.

ಭಾವನ ಜೊತೆ ಜಗಳವಾಡಿ ಫಲವಿಲ್ಲ ಎಂದು ಅಕ್ಕ ಹೇಳಿದಳು. ಜಗಳವಾಡಲಿಲ್ಲ. ಹೋದ ವರ್ಷ ಹಸ್ತ ಮಳೆ ಹಿಡಿದ ದಿನ ಬೆಳಗ್ಗೆ ಬಸ್ಸಿಗೆ ದುರ್ಗಕ್ಕೆ ಕರೆದುಕೊಂಡು ಹೋದೆ, ಆಸ್ಪತ್ರೆಯಲ್ಲಿ ಅವರ ಕೆಲಸ ಒಂದಿತ್ತು. ಅದು ಬೇಗ ಮುಗಿಯಿತು. ‘ಮಳೇಲಿ ಕೋಟೆಗೇನು ಹೋಗೋದೋ’ ಎನ್ನುತ್ತಲೇ ಬಂದರು. ಮೊಣಕಾಲು ನೋವು, ಎರಡು ಕಡೆ ಕೂತು ಸುಧಾರಿಸಿಕೊಂಡೆವು. ಗೋಪಾಲಸ್ವಾಮಿ ಹೊಂಡದ ಮಂಟಪ ಮುಟ್ಟುವಾಗ ಹನ್ನೊಂದು ಗಂಟೆ. ಟವೆಲ್ಲಿನಿಂದ ತಲೆ ಒರೆಸಿಕೊಂಡು, ಬೀಡಿ ಹಚ್ಚಲು ನೋಡಿ, ಬೆಂಕಿಕಡ್ಡಿ ಒದ್ದೆಯಾಗಿದ್ದರಿಂದ ಸುಮ್ಮನಾದರು. ನಾನೂ ಏನೂ ಮಾತಾಡಲಿಲ್ಲ. ಎದುರಿನ ಬಂಡೆಯಿಂದ ಹಗ್ಗದಷ್ಟು ದಪ್ಪ ನೀರು ಇಳಿಯುತ್ತಿತ್ತು. ಭಾವ ಅದನ್ನು ನೋಡಿದರು. ಅದು ಎಲ್ಲಿಂದ ಬರುತ್ತಿದೆ ಎಂದು ಕತ್ತೆತ್ತಿ ಮೇಲೆ ನೋಡಿದರು. ಹೊಲದ ಬದುವಿನಲ್ಲಿ ನಿಂತು ಗುಂಡಿ ತುಂಬುವುದನ್ನು ನೋಡುವಾಗ ಅವರ ಮುಖ ಹೇಗಿರುತ್ತದೋ ಹಾಗೆಯೇ ಆಯಿತು.

‘ಈಗೊಂದು ಮೆಟ್ಲು ಮುಳುಗ್ತು ನೋಡು’ ಎಂದರು.

ಎರಡು ಗಂಟೆಯ ಬಸ್ಸು ಹೋಯಿತು. ಮೂರೂವರೆಯದನ್ನೂ ಬಿಟ್ಟೆವು. ಇನ್ನೂ ಎರಡು ಮೆಟ್ಟಿಲು ಮೇಲಿದ್ದವು, ಅವು ಮುಳುಗದೆ ಏಳುವುದಿಲ್ಲ ಎಂದು ಭಾವ ಕಾಲು ಮಡಚಿಕೊಂಡು ಕೂತರು.